ಪೈಸಾರಿಯ ಕೆಳಗೆ

ಮೂವತ್ತೊಂದು ವರ್ಷ ಸರಪಳಿ ಎಳೆದವನು ನಾನು.
ಜಮ್ಮಾ, ಬಾಣೆ, ಪೈಸಾರಿ,
ಯಾವ ಗಡಿಕಲ್ಲು ರಾತ್ರೋರಾತ್ರಿ ಎದ್ದು
ಯಾರ ಬೇಲಿಯೊಳಗೆ ನಡೆದುಹೋಯಿತೆಂದು
ಈಗಲೂ ಹೇಳಬಲ್ಲೆ.
ನೆಲದ ಅಡಿಯನ್ನು ಅಳೆದುಕೊಡಿ ಎಂದು ಮಾತ್ರ
ಯಾರೂ ಅರ್ಜಿ ಕೊಟ್ಟಿರಲಿಲ್ಲ.

ಕಕ್ಕಬ್ಬೆಯ ಮೇಲೆ, ಜೀಪು ಸೋತು ನಿಲ್ಲುವಲ್ಲಿಂದ
ಎರಡು ತಾಸಿನ ಏರು.
ಗವಿಯ ಮೊದಲ ನೂರು ಹೆಜ್ಜೆ ಬಾವಲಿಗಳದು,
ಆಮೇಲೆ ನೀರು.
ಟಾರ್ಚು ಬಿಟ್ಟರೆ ಬೆಳಕು ಇಳಿದೇ ಇಳಿಯುತ್ತದೆ,
ತಳ ಸಿಕ್ಕಿತೆಂದು ಬಂದು ಹೇಳುವುದಿಲ್ಲ.

ಮುಳುಗುವವಳು ಚೋಂದಮ್ಮ.
ಬೆನ್ನಿಗೆ ಎರಡು ಸಿಲಿಂಡರು, ಮುಂಗೈಗೆ ದಿಕ್ಸೂಚಿ,
ಸೊಂಟಕ್ಕೆ ಐದೈದು ಮೀಟರಿಗೊಂದು ಗಂಟಿನ ಹಗ್ಗ.
ಆ ಗಂಟುಗಳನ್ನು ಹಾಕಿದ್ದು ನಾನೇ,
ಹಿಂದಿನ ರಾತ್ರಿ ಶಾಲೆಯ ಜಗಲಿಯಲ್ಲಿ, ಎರಡು ಸಲ ಎಣಿಸಿ.
ಗಾಳಿಯ ಲೆಕ್ಕ ಅವಳದು:
ಮೂರರಲ್ಲೊಂದು ಪಾಲು ಹೋಗಲು,
ಮೂರರಲ್ಲೊಂದು ಬರಲು.
ಉಳಿದದ್ದು?
"ಬುದ್ಧಿ ಕೆಟ್ಟರೆ ಇರಲಿ ಅಂತ."

ಹಗ್ಗ ಹಿಡಿದವನು ಕುಡಿಯರ ಬೆಳ್ಳಿಯಪ್ಪ,
ಜೇನುಬಂಡೆಗೆ ಇಳಿದಿಳಿದು ಅಂಗೈ ತೊಗಲಾದವನು.
"ನಮ್ಮಲ್ಲಿ ಹಗ್ಗ ಹಿಡಿಯೋನು ಹೆಂಡತಿಯ ತಮ್ಮ," ಅಂದ.
"ಅಕ್ಕನ ತಾಳಿ ಅವನ ಮುಷ್ಟಿಯಲ್ಲಿ ಇರುತ್ತದಲ್ಲ,
ಕೈ ಹರಿದರೂ ಬಿಡೋಲ್ಲ."
ಚೋಂದಮ್ಮ ಕನ್ನಡಕದ ಗಾಜಿಗೆ ಉಗುಳು ಸವರುತ್ತ,
"ನನಗೆ ಹೆಂಡತಿಯೂ ಇಲ್ಲ, ಗಂಡನೂ ಇಲ್ಲ.
ನನ್ನ ಹಗ್ಗ ಯಾರದು?"
ಅವನು ನಿಜವಾಗಿಯೂ ಯೋಚಿಸಿದ.
"ಒಂದು ಗಂಟೆಯ ಮಟ್ಟಿಗೆ ನಂಟು ಕಟ್ಟೋಣ.
ಮೇಲೆ ಬಂದಮೇಲೆ ಬಿಚ್ಚಿದರಾಯಿತು."

ಒಮ್ಮೆ ಜಗ್ಗಿದರೆ ಸುಖ. ಎರಡಕ್ಕೆ ಬಿಡು. ಮೂರಕ್ಕೆ ಎಳೆ.

ಒಳಗಿನಿಂದ ಅವನು ಗಂಟು ಕೂಗಿದ.
ಹನ್ನೆರಡು.
ಗವಿಬಾಯಿಯ ಬೆಳಕಲ್ಲಿ ನಾನು ನಕಾಶೆ ಹರಡಿ
ನಿನ್ನೆಯ ದಿಕ್ಕು ಹಿಡಿದು ಪೆನ್ಸಿಲ್ ಒತ್ತುತ್ತ ಹೋದೆ.
ಈಗ ಅವಳು ಮಾಚಯ್ಯನವರ ಕಾಫಿ ಬಾಣೆಯ ಕೆಳಗೆ.
ಇಪ್ಪತ್ತು. ಈಗ ಪೈಸಾರಿ.
ಇಪ್ಪತ್ತಮೂರು. ಈಗ ಹದಿನೆಂಟು ವರ್ಷ
ಕೋರ್ಟಿನಲ್ಲಿ ಕೊಳೆತ ಆ ಅರ್ಧ ಎಕರೆ.
ಒಂದು ಕಲ್ಲೂ ಅವಳನ್ನು ಅಡ್ಡಗಟ್ಟಲಿಲ್ಲ.

ಇಪ್ಪತ್ತಾರಕ್ಕೆ
ಮೊದಲ ಹನಿ ನನ್ನ ಗೆರೆಯ ತುದಿಗೇ ಬಿತ್ತು.

ಹೂಮಳೆ.
ಕಾಫಿಯ ನಾಡೆಲ್ಲ ಕತ್ತೆತ್ತಿ ಕಾದ ಮಳೆ.
ಕೆಳಗೆ ಯಾರದೋ ತೋಟದಿಂದ ಕೇಕೆ ಕೇಳಿತು.
ಇನ್ನು ಹತ್ತು ದಿನಕ್ಕೆ ಗುಡ್ಡಗಳು ಬೆಳ್ಳಗಾಗುತ್ತವೆ,
ಸಾಲ ಕೊಟ್ಟವರೂ ನಗುತ್ತಾರೆ.
ಆ ತೋಟಗಳ ಅನ್ನ ಉಂಡ ನಾನು
ಬಾಯಿಬಿಟ್ಟು ಅಂದೆ: ಬೇಡ,
ಇವತ್ತು ಬೇಡ.

ಒಳಗೆ ಓಡಿದೆ. ಮಡು ಚಹದ ಬಣ್ಣಕ್ಕೆ ತಿರುಗಿತ್ತು.
ಹಗ್ಗ ಸಡಿಲ.
"ಎಳಿ," ಎಂದೆ. ಅವನು ಎಳೆಯಲಿಲ್ಲ.
ಮೂರು ಬಾರದೆ ಎಳೆದರೆ ಕಲ್ಲಿನ ಹಲ್ಲಿಗೆ ಸಿಕ್ಕೀತೆಂದು
ಅವನಿಗೆ ಯಾರೂ ಪಾಠ ಮಾಡಿರಲಿಲ್ಲ.
ಎರಡು ಬೆರಳ ನಡುವೆ ಹಗ್ಗ ಹಿಡಿದು,
ನಾಡಿ ನೋಡುವವನ ಹಾಗೆ,
ಕಣ್ಣು ಮುಚ್ಚಿಕೊಂಡ.

ಎಷ್ಟು ಹೊತ್ತು? ನನ್ನ ಗಡಿಯಾರ ನಾನು ನೋಡಲಿಲ್ಲ.
ಅಳೆಯುವವನು ಅಳೆಯದೆ ಬಿಟ್ಟ ಮೊದಲ ದೂರ ಅದು.

ಒಂದು.

ತಡೆದು, ಮತ್ತೆ ಒಂದು.

ಕೆಸರಿನಿಂದ ಮೊದಲು ಕೈ ಬಂತು, ಕೈಯಲ್ಲಿ ಸ್ಲೇಟು:
ಗಂಟು ಇಪ್ಪತ್ತೇಳು. ಈಶಾನ್ಯ. ಆಳ ಒಂಬತ್ತು.
ಮೇಲೆ ಗಾಳಿ ಇದೆ. ಬೇರು.
ಕೊನೆಗೊಂದು ಬಾಣದ ಗುರುತು,
ಸ್ಲೇಟಿನ ಅಂಚು ದಾಟಿ ಜಾರಿಹೋದದ್ದು.
"ಅತ್ತಿಯದೋ ಏನೋ," ಎಂದಳು, ಹಲ್ಲು ಕಟಕಟ ಎನ್ನುತ್ತ,
"ಮಾಡಿನಿಂದ ಇಳಿದು ನೀರು ಕುಡೀತಿತ್ತು.
ನನ್ನ ದೀಪಕ್ಕೆ ಸ್ವಲ್ಪವೂ ಬೆಚ್ಚಲಿಲ್ಲ."

ಆಫೀಸಿನಲ್ಲಿದ್ದಾಗ ಎಳೆದ ಗೆರೆ
ಹೊರಟಲ್ಲಿಗೇ ಬಂದು ಮುಚ್ಚಿಕೊಳ್ಳಬೇಕಿತ್ತು,
ಇಲ್ಲದಿದ್ದರೆ ತಹಸೀಲ್ದಾರರ ಸಹಿ ಬೀಳುತ್ತಿರಲಿಲ್ಲ.
ಆ ರಾತ್ರಿ ಇಪ್ಪತ್ತೇಳರಲ್ಲಿ ಪೆನ್ಸಿಲ್ ಎತ್ತಿಟ್ಟೆ,
ತುದಿ ತೆರೆದೇ ಇರಲೆಂದು.
ಹಕ್ಕುದಾರರ ಅಂಕಣದಲ್ಲಿ ಬೇರು ಎಂದು ಬರೆದು,
ನಾಚಿಕೆಯಾಗಿ ಅಳಿಸಿದೆ. ಅಚ್ಚು ಉಳಿದಿದೆ.

ಅಕ್ಕಿರೊಟ್ಟಿಗೆ ಕೂತಾಗಲೂ
ಬೆಳ್ಳಿಯಪ್ಪನ ಎಡಗೈಗೆ ಹಗ್ಗ ಸುತ್ತಿಯೇ ಇತ್ತು.
ಬಿಚ್ಚು ಎಂದು ಯಾರೂ ನೆನಪಿಸಲಿಲ್ಲ,
ಅವಳೂ.