ಷರಾ ಕಾಲಂ

ಶಿಡ್ಲಘಟ್ಟದ ಗೂಡು ಮಾರುಕಟ್ಟೆ ಹಿಂದಿನ ಓಣಿಯಲ್ಲಿ
ನಮ್ಮ ರೀಲರುಗಳ ಸಂಘದ ಆಫೀಸು.
ಒಂದು ಫ್ಯಾನು, ಎರಡು ಕಂಪ್ಯೂಟರು, ಹುಳು ಬೇಯುವ ವಾಸನೆ.
ಹೊಸಬರು ಮೂಗು ಮುಚ್ಚುತ್ತಾರೆ.
ನನಗೆ ಅದಿಲ್ಲದ ಭಾನುವಾರ ಅನ್ನ ಸೇರುವುದಿಲ್ಲ.

ಹನ್ನೊಂದು ವರ್ಷ, ಸಂಜೆ ಐದಕ್ಕೆ,
ಹರಾಜಿನ ಚೀಟಿ ಎಡಗೈಯಲ್ಲಿ ಹಿಡಿದು
ಬಲಗೈ ಒಂದರಲ್ಲೇ ತುಂಬಿಸಿದೆ:
ಲಾಟು, ತೂಕ, ದರ, ತಂದವರ ಹೆಸರು.
ಐನೂರ ಹನ್ನೆರಡು ಅಂದರೆ ಐನೂರ ಹನ್ನೆರಡೇ.
ಬೆಳಗ್ಗೆ ಬಂದು ನೋಡಿದರೂ ಅಲ್ಲೇ ಕೂತಿರುತ್ತಿತ್ತು,
ಬೆಂದ ಗೂಡಿನ ಹಾಗೆ:
ಒಳಗಿನದು ಸತ್ತಿದೆ, ನೂಲು ಎಲ್ಲೂ ಕಡಿದಿಲ್ಲ.

ಕೊನೇ ಕಾಲಂ ನನ್ನದು. ಷರಾ.
ಅದನ್ನು ಯಾರೂ ಕೇಳಿರಲಿಲ್ಲ.
‘ಒದ್ದೆ ಗೂಡು, ಮಧ್ಯಾಹ್ನಕ್ಕೆ ಎರಡು ಕೆ.ಜಿ. ಇಳಿಯುತ್ತೆ.’
‘ಮಗಳ ಬಾಣಂತನ, ಬಿಲ್ಲು ತಡ ಮಾಡಬೇಡಿ.’
‘ಒಣಗೂಡು. ಕಿವಿಗಿಟ್ಟು ಕೇಳಿ.’

ಆಮೇಲೆ ನಗೀನಾ ಬಂದಳು.
ಬೇಸಿನ್ನಿನ ಬಿಸಿನೀರಲ್ಲಿ ಬೆರಳು ಬೆಳ್ಳಗಾದ ತಾಯಿಯ ಮಗಳು.
‘ಅಂಕಲ್, ಇನ್ನು ಟೈಪ್ ಮಾಡೋದು ಬೇಡ.
ಡ್ಯಾಶ್‌ಬೋರ್ಡಿಗೆ ನಿಮ್ಮ ಶೀಟು ಕಟ್ಟಿದೀನಿ.
ರಿಫ್ರೆಶ್ ಒತ್ತಿ, ಸಾಕು.’

ಒತ್ತಿದೆ.
ಒಂದು ಚಕ್ರ ತಿರುಗಿತು, ನಮ್ಮ ಚರಕಕ್ಕಿಂತ ಸಣ್ಣದು,
ಎಣ್ಣೆ ಬೇಡದ್ದು.
ಹರಾಜು ನಡೆಯುತ್ತಿರುವಾಗಲೇ ಅಂಕಿ ಇಳಿದು ಬಂತು.
ಐನೂರ ಹನ್ನೆರಡು ನನ್ನ ಕಣ್ಣೆದುರಿಗೇ
ಐನೂರ ಹದಿನೆಂಟಾಯಿತು.
ಬೇರೆಯವರು ಬಡಿಸುವಾಗ ಅಡುಗೆಯವನು ಕೂತ ಹಾಗೆ
ಕೈ ಮಡಿಲಲ್ಲಿಟ್ಟುಕೊಂಡು ಕೂತೆ.

ಮೂರನೇ ದಿನ ಮೇಲೂರಿನ ಚೌಡಕ್ಕ ಬಂದಳು,
ಚೀಟಿ ಮೇಜಿನ ಮೇಲಿಟ್ಟಳು.
‘ಎರಡು ಕೆ.ಜಿ. ಯಾಕೆ ಹಿಡಿದ್ರಿ?
ನನ್ನ ಗೂಡು ಅಲ್ಲಾಡಿಸಿ ನೋಡಿ,
ಒಳಗೆ ಹುಳು ಗಲಗಲ ಅನ್ನುತ್ತೆ.’

ಶೀಟು ತೆಗೆದೆ.
ಡ್ಯಾಶ್‌ಬೋರ್ಡು ದರದ ಪ್ರಕಾರ ನಿಲ್ಲಿಸುತ್ತದಂತೆ.
ಸಾಲುಗಳೆಲ್ಲ ಎದ್ದು ಜಾಗ ಬದಲಾಯಿಸಿದ್ದವು,
ನನ್ನ ಮಾತುಗಳು ಮಾತ್ರ ಇದ್ದಲ್ಲೇ ಇದ್ದವು.
ಚೌಡಕ್ಕನ ಪಕ್ಕ ಒದ್ದೆ ಗೂಡು.
ಮದುವೆಯೇ ಆಗದ ಹಂಡಿಗನಾಳದ ಗಂಗುಲಪ್ಪನಿಗೆ
ಮಗಳ ಬಾಣಂತನ.
ಕೌಂಟರಿನ ಹುಡುಗ ಓದಿದ, ಹಿಡಿದ. ಅವನ ತಪ್ಪೇನು?

ನಗೀನಾ ಬಹಳ ಹೊತ್ತು ಕೀಲಿಮಣೆ ನೋಡಿದಳು.
‘ನಾನು ಹೇಳಬೇಕಿತ್ತು ಅಂಕಲ್.
ನೀವು ಮಾತನ್ನ ಜಾಗಕ್ಕೆ ಕಟ್ಟಿದ್ರಿ.
ಜಾಗ ಯಾರದೂ ಅಲ್ಲ.’

ರಾತ್ರಿ ಏಳೂವರೆವರೆಗೆ ಕೂತೆವು.
ಒಂದು ಸಲ ಕರೆಂಟು ಹೋಯಿತು, ಯುಪಿಎಸ್ಸು ಕೂಗಿತು.
ನಾನು ಹೆಸರು ಹೇಳುತ್ತಾ ಹೋದೆ,
ಅವಳು ಅವರವರ ನಂಬರು ಹುಡುಕಿದಳು,
ಕುದಿನೀರಲ್ಲಿ ಗೂಡು ಕೆದಕಿ ಅವಳಮ್ಮ
ಎಳೆಯ ತುದಿ ಹಿಡಿಯುವ ಹಾಗೆ.
ಷರಾಗಳೆಲ್ಲ ಬೇರೆ ಶೀಟಿಗೆ ಹೋದವು,
ಒಂದೊಂದಕ್ಕೂ ಒಂದು ನಂಬರು.
ಈಗ ಸಾಲು ಎಲ್ಲಿಗೆ ಹೋದರೂ
ಮಾತು ಕರುವಿನ ಹಾಗೆ ಹಿಂದೆಯೇ ಹೋಗುತ್ತದೆ.

ಒಂದು ಮಾತ್ರ ಉಳಿಯಿತು:
‘ತೂಕ ಕೇಳೋದಿಲ್ಲ. ಹಾಡಿಕೊಂಡು ಬರುತ್ತಾಳೆ.’
ಬಶೆಟ್ಟಹಳ್ಳಿಯ ಪಿಳ್ಳವೆಂಕಟಮ್ಮ.
ಹಿಪ್ಪುನೇರಳೆ ಕಿತ್ತು ಆರು ವರ್ಷ,
ಡ್ಯಾಶ್‌ಬೋರ್ಡಿಗೆ ನೆನಪಿರುವುದು ಮೂರು.
ನಂಬರು ಕೊಟ್ಟರೂ ಸಿಗಲಿಲ್ಲ ಅಂತ ಬಂತು.
‘ಅಳಿಸಲಾ?’ ಅಂದಳು ನಗೀನಾ.
ನಾನು ಚೀಲ ಹುಡುಕುವವನ ಹಾಗೆ ಬಗ್ಗಿದೆ.
ಎದ್ದಾಗ ಅವಳು ಕಂಪ್ಯೂಟರು ಆರಿಸಿದ್ದಳು,
ಆ ಸಾಲು ಇಂದಿಗೂ ಇದೆ.

ಗುರುವಾರ ಚೌಡಕ್ಕನಿಗೆ
ಸಾವಿರದ ಮೂವತ್ತಾರು ರೂಪಾಯಿ ವಾಪಸು.
ಎಣಿಸಿ ಸೊಂಟಕ್ಕೆ ಸಿಕ್ಕಿಸಿ,
‘ನನ್ನ ಹೆಸರ ಮುಂದೆ ಈಗ ಏನು ಬರೆದೈತೆ?’ ಅಂದಳು.
ಸ್ಕ್ರೀನು ಅವಳ ಕಡೆ ತಿರುಗಿಸಿದೆ.
ಅವಳಿಗೆ ಓದು ಬಾರದು, ನಗೀನಾ ಓದಿದಳು:
‘ಒಣಗೂಡು. ಕಿವಿಗಿಟ್ಟು ಕೇಳಿ.’
ಅಷ್ಟು ಓದುವುದರೊಳಗೆ
ದರ ಐನೂರ ಇಪ್ಪತ್ತೊಂದಾಗಿತ್ತು.