ಗ್ಯಾಸ್ ಆಫೀಸಿನಿಂದ ಮುತ್ತಕ್ಕಿಗೆ

ನಾಳೆಯಿಂದ ಶುರು ಅಂದೆಯಲ್ಲ ಮುತ್ತಕ್ಕೀ,
ನಾಳೆ ಬೇಡ, ಇವತ್ತು ರಾತ್ರಿಯೇ ಶುರು ಮಾಡು:
ಒಂದು ಹಿಡಿ ಹೆಸರುಕಾಳು ನೆನೆಹಾಕಿ ಮಲಗು.
ಹಸಿವಾದ ಮೇಲೆ ಯೋಚಿಸುವವರು
ಹನ್ನೊಂದು ಗಂಟೆಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪೂರಿ ತಿನ್ನುತ್ತಾರೆ.
ನಾನೂ ತಿಂದೆ, ಮೊದಲ ವಾರ, ಎರಡು ಸಲ.

ಬೇರೆ ಊರಲ್ಲಿ ಒಂದೇ ದಿನಕ್ಕೆ ಮೊಳಕೆಯಂತೆ.
ವಿರಾಜಪೇಟೆಯ ಜುಲೈಗೆ ಆ ವಿಷಯ ಗೊತ್ತಿಲ್ಲ.
ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನ ಹಿಂದೆ
ಮೋಟರು ಬೆಚ್ಚಗಾಗುವ ಕಡೆ ಇಡು, ಮೂರು ದಿನ.
ದಿನಕ್ಕೆರಡು ಸಲ ತೊಳೆ. ಮೂಗಿಗೆ ಹಿಡಿ.
ಮಣ್ಣಿನ ವಾಸನೆ ಬಂದರೆ ತಿನ್ನು,
ಒದ್ದೆ ಸಾಕ್ಸಿನ ವಾಸನೆ ಬಂದರೆ ಬಾಳೆ ಬುಡಕ್ಕೆ ಸುರಿ,
ದುಡ್ಡಿನ ಲೆಕ್ಕ ಹಾಕುತ್ತಾ ನಿಲ್ಲಬೇಡ.

ಹಸಿ ಅಂದರೆ ಕಂಡದ್ದೆಲ್ಲ ಹಸಿಯಲ್ಲ.
ಕೆಂಬಿನ ಎಲೆ ನಿನ್ನ ಗಂಟಲು ಕೆರೆಯುತ್ತದೆ,
ಕಣಿಲೆಯ ವಿಷ ಕುದಿದೇ ಇಳಿಯಬೇಕು,
ಕಾಡಿನ ಅಣಬೆಗೆ ಕೈಯೇ ಹಾಕಬೇಡ.
ನಮ್ಮ ಅಜ್ಜಿಯರು ಒಲೆ ಹಚ್ಚಿದ್ದು
ಬರೀ ರುಚಿಗಲ್ಲ ಅನ್ನುವುದು
ಒಲೆ ಬಿಟ್ಟ ಮೇಲೆ ನನಗೆ ತಿಳಿಯಿತು.

ಬೆಣ್ಣೆಹಣ್ಣು ಕಲ್ಲಿನ ಹಾಗಿದ್ದರೆ
ಅಕ್ಕಿ ಡಬ್ಬದಲ್ಲಿ ಹೂತಿಡು, ನಾಲ್ಕು ದಿನಕ್ಕೆ ಹದ.
(ಅಕ್ಕಿ ಇರಲಿ, ನಿನ್ನ ಗಂಡ ಉಣ್ಣುತ್ತಾನೆ.)
ಸಂತೆಯ ಸೊಪ್ಪನ್ನು ಉಪ್ಪುನೀರಲ್ಲಿ ಮುಳುಗಿಸು,
ಜಿಗಣೆಗೂ ಔಷಧಿ ಹೊಡೆದದ್ದಕ್ಕೂ ಸೇರಿ ಅರ್ಧ ಗಂಟೆ.
ಹಸಿ ಕಾಳುಮೆಣಸಿನ ಒಂದು ಗೊನೆ, ಒಂದು ಚೂರು ಶುಂಠಿ,
ಕಾಯಿತುರಿ ಜಾಸ್ತಿ: ಚಳಿಗೆ ಇಷ್ಟೇ ಕಂಬಳಿ.
ಬಿ-ಹನ್ನೆರಡರ ಮಾತ್ರೆ ಮರೆಯಬೇಡ,
ಡಾಕ್ಟರು ಬರೆದುಕೊಡುತ್ತಾರೆ,
ನುಂಗಿದರೆ ಯಾರೂ ಸೋಲುವುದಿಲ್ಲ.

ಕೊಡವ ಸಮಾಜದ ಮದುವೆಗೆ ಹೋಗು, ತಪ್ಪಿಸಬೇಡ.
ಸ್ಟೀಲ್ ಡಬ್ಬಿ ಚೀಲದಲ್ಲಿರಲಿ, ಮನೆಯಲ್ಲೇ ಅರ್ಧ ಹೊಟ್ಟೆ ತುಂಬಿಸಿಕೋ,
ಸೌತೆಕಾಯಿ ತಟ್ಟೆಯ ಹತ್ತಿರ ಜಾಗ ಹಿಡಿ.
ಪಂದಿಕರಿಯ ಗಮ ಬಂದರೆ ಉಸಿರು ಎಳೆದುಕೋ,
ಗಮಕ್ಕೆ ನಿಷೇಧವಿಲ್ಲ.
ಬೊಜ್ಜವ್ವ ಕೇಳುತ್ತಾರೆ, ಏನು ಕಾಯಿಲೆ ನಿನಗೆ?
ಉಪದೇಶ ಶುರುಮಾಡಬೇಡ.
ಅವರ ಮೊಣಕಾಲು ನೋವಿನ ಬಗ್ಗೆ ಕೇಳು,
ಊಟ ಮುಗಿಯುವವರೆಗೂ ಹೇಳುತ್ತಾರೆ.

ಈಗ ನನ್ನ ತಪ್ಪುಗಳು.
ಕಾಚಂಪುಳಿ ಕುದಿಸಿ ಇಳಿಸಿದ್ದು, ಗೊತ್ತು,
ಆದರೂ ಸೌತೆಯ ಮೇಲೆ ಎರಡು ತೊಟ್ಟು.
ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ, ಒಂದು ಬಟ್ಟಲು.
ಜೇನು ಬಿಟ್ಟೆ, ಸುಲಭವಾಗಿ.
ಕಾಫಿ ಬಿಟ್ಟೆ, ಇಲ್ಲ, ಕಾಫಿ ನನ್ನನ್ನು ಬಿಟ್ಟಿಲ್ಲ:
ಪಕ್ಕದ ಅಂಗಡಿಯಲ್ಲಿ ಹುರಿಯುವ ಹೊತ್ತಿಗೆ
ರಸೀದಿ ಪುಸ್ತಕ ಕೈಯಲ್ಲೇ ಉಳಿಯುತ್ತದೆ.

ನಗಬೇಡ, ಇಡೀ ಊರಿಗೆ ಸಿಲಿಂಡರ್ ಬುಕ್ ಮಾಡುವವಳು ನಾನು.
ಹೊರುವ ಮೊಯ್ದು ಅನ್ನುತ್ತಾನೆ, ಅಕ್ಕಾ,
ಎಲ್ಲರೂ ನಿಮ್ಮ ಹಾಗಾದರೆ ನಾನು ಎಲ್ಲಿಗೆ ಹೋಗಲಿ?
ಮೊನ್ನೆ ನಮ್ಮ ಮನೆಯ ಸಿಲಿಂಡರನ್ನು ಬೆರಳಲ್ಲಿ ತಟ್ಟಿ ನೋಡಿದ,
ಒಂಬತ್ತು ತಿಂಗಳಾಯ್ತು, ಇನ್ನೂ ಅರ್ಧ ಇದೆ.
ಮಳೆಯಲ್ಲಿ ತೊಯ್ದಿದ್ದ. ಒಲೆ ಹಚ್ಚಿದೆ,
ಅವನಿಗೆ ಬೆಲ್ಲದ ಕಾಫಿ, ನನಗೆ ಬಿಸಿನೀರು.

ನಾಲಿಗೆಯ ಆಸೆ ಮೂರು ತಿಂಗಳಿಗೆ ತಣಿಯುತ್ತದೆ.
ಅಂಗೈಗಳದ್ದು ಬೇರೆಯೇ ಲೆಕ್ಕ,
ಅವಕ್ಕೆ ಸಂಜೆ ಏನಾದರೂ ಬಿಸಿ ಬೇಕು ಹಿಡಿದುಕೊಳ್ಳಲು.
ಒಂದು ದಪ್ಪ ಲೋಟ ಇಟ್ಟುಕೋ.
ಪಿಂಗಾಣಿಯದು, ಸ್ಟೀಲು ಬೇಡ, ಬೇಗ ಆರುತ್ತದೆ.