ಗದರು

ಆಬರಿಸ್ಟ್‌ವಿತ್, ನವೆಂಬರ್. ಸಮುದ್ರದೆದುರು ಹಳೇ ಹೋಟೆಲು,
ಹೀಟರ್ ಕೊರಗುವ ಕೋಣೆಯಲ್ಲಿ ಹದಿನಾರು ಜನ.
ಟಿಪ್ಪಣಿ ನನ್ನ ಕೆಲಸ. ಯಾರು ಏನೆಂದರೆಂದು ಹೇಳುವಂತಿಲ್ಲ,
ಹಾಗಾಗಿ ರ್ವಾನ್ ಎಂಬುದು ನಾನಿಟ್ಟ ಹೆಸರು, ಹ್ಯಾಲೊರನ್ ಕೂಡ.

ರ್ವಾನ್, ಎಪ್ಪತ್ತೊಂದು. ಒಂದು ಕಾಲಕ್ಕೆ ಭೌತಶಾಸ್ತ್ರ;
ಆಮೇಲೆ, ಅವರೇ ಅಂದಂತೆ, ಬಾಂಬಿನ ವ್ಯಾಕರಣ.

'ಎಷ್ಟಿವೆ ನಿಮ್ಮಲ್ಲಿ?' ಕೇಳಿದ ಅಮೆರಿಕದ ಹ್ಯಾಲೊರನ್,
ಉಪಗ್ರಹ ತೆಗೆದ ಚಿತ್ರವನ್ನು ಮೇಜಿನ ಮೇಲೆ ಸರಿಸಿ:
ಮರಳಲ್ಲಿ ಸಾಲು ಗುಂಡಿ, ಅಳಗುಳಿ ಮಣೆಯ ಹಾಗೆ.
ಯಾವುದರಲ್ಲಿ ಕಾಳು, ಯಾವುದು ಬರಿದು?
ರ್ವಾನ್ ಕನ್ನಡಕ ಒರೆಸಿದರು. 'ಸಾಕಷ್ಟು.'
'ಸಾಕಷ್ಟು ಅಂದರೆ?'
'ಹೊಡೆದವರಿಗೆ ಮತ್ತೆ ನಿದ್ದೆ ಬಾರದಷ್ಟು.
ಬಡವನ ಮನೆಗೆ ಬಾಗಿಲಿಲ್ಲದಿದ್ದರೂ ಪರದೆ ಬೇಕು.'
'ಈಗ ನೀವು ಬಡವರಲ್ಲವಲ್ಲ?'
ಅದಕ್ಕೆ ಉತ್ತರ ಬರಲಿಲ್ಲ.
ನಾನು ಬರೆದೆ: ಮೌನ, ಒಂಬತ್ತು ಸೆಕೆಂಡು.

ಮಧ್ಯಾಹ್ನವೆಲ್ಲ ಒಂದೇ ಶಬ್ದದ ಮೇಲೆ ಜಗಳ.
ವೆಯ್‌ಷೆ. ಇಂಗ್ಲಿಷಿನಲ್ಲಿ ಅದು ತಡೆ: ಬರಬೇಡ, ಅಲ್ಲೇ ನಿಲ್ಲು.
ಅವರ ಭಾಷೆಯಲ್ಲಿ ನಿಲ್ಲಿಸುವುದೂ ಅದೇ, ನಡೆಸುವುದೂ ಅದೇ.
'ಬಹುಕಾಲ ನಮಗದು ಬೈಗುಳವಾಗಿತ್ತು,' ಅಂದರು ರ್ವಾನ್,
'ದೊಡ್ಡವರು ನಮಗೆ ಮಾಡುತ್ತಿದ್ದದ್ದು.'
ದುಭಾಷಿ ಹುಡುಗಿ ಸಮಪದ ಹುಡುಕಿ ಸೋತಳು.
ನನ್ನ ಪೆನ್ನು ಅಂಚಿನಲ್ಲಿ ತಾನಾಗಿ ಬರೆದಿತ್ತು: ಗದರು.
ಬಾವಿಕಟ್ಟೆ ಹತ್ತಿದರೆ ಅಜ್ಜಿ ಗದರುತ್ತಿದ್ದಳು, ನಿಲ್ಲುತ್ತಿದ್ದೆ.
ಹಾಲು ಕುಡಿಯೆಂದು ಗದರುತ್ತಿದ್ದಳು, ಕುಡಿಯುತ್ತಿದ್ದೆ.
ಒಂದೇ ದನಿ.
ಹೇಳಬೇಕೆನಿಸಿತು. ಟಿಪ್ಪಣಿಯವಳಿಗೆ ಬಾಯಿಲ್ಲ.

'ಮೊದಲು ನಾವು ಬಳಸೆವು. ಅರವತ್ನಾಲ್ಕರಿಂದ ಇದೇ ಮಾತು.'
'ಮಾತನ್ನು ಅಳೆಯುವ ಯಂತ್ರವಿಲ್ಲ.'
'ನೀವು ಮಾತೇ ಕೊಟ್ಟಿಲ್ಲ. ಅಳತೆ ಸುಲಭ.'
ನಗು. ಬಿಸ್ಕತ್ತು. ಯಾರದೋ ಚಮಚ ಕೆಳಗೆ ಬಿತ್ತು,
ಹದಿನಾರು ಜನರೂ ತಿರುಗಿ ನೋಡಿದರು.

ಸಂಜೆ, ಊರಿನ ರೂಢಿಯಂತೆ, ದಂಡೆಯುದ್ದ ನಡೆದು
ಕೊನೆಯ ಕಬ್ಬಿಣದ ಕಂಬಿಯನ್ನು ಒದ್ದು ಹಿಂತಿರುಗಬೇಕು.
ಯಾಕೋ ಯಾರಿಗೂ ಸರಿಯಾಗಿ ಗೊತ್ತಿಲ್ಲ.
ಹ್ಯಾಲೊರನ್ ಒದ್ದ, ಠಣ್ಣೆಂದಿತು.
ರ್ವಾನ್ ಬೂಟು ಎತ್ತಿ, ಕಂಬಿಗೆ ಬೆರಳಷ್ಟು ದೂರದಲ್ಲಿ
ಹಿಡಿದು ನಿಂತರು. ಮೊಣಕಾಲು ನಡುಗುತ್ತಿತ್ತು.
ಪಿಯರಿನ ಮೇಲೆ ಸಾವಿರ ಕಬ್ಬಕ್ಕಿ ಒಂದೇ ಮುದ್ದೆಯಾಗಿ
ಎದ್ದು, ಸೀಳಿ, ಕೂಡಿದವು;
ಯಾವುದು ಮೊದಲು ತಿರುಗಿತೋ.

'ಪ್ರೊಫೆಸರ್, ಚಳಿ,' ಅಂದೆ. ದಿನದ ನನ್ನ ಮೊದಲ ಮಾತು.
ಕಾಲು ಇಳಿಸಿದರು. ಒದ್ದರೋ ಇಲ್ಲವೋ,
ಅಲೆಯ ಸದ್ದಿನಲ್ಲಿ ಕೇಳಲಿಲ್ಲ.
ಹಾಗೆಂದೇ ಬರೆದಿದ್ದೇನೆ.